ಕಾರ್ಡಿನ ಹಿಂಬದಿ

ಮೂಡಿಗೆರೆ
೧೨ ಜೂನ್ ೨೦೦೮

ಪ್ರಿಯ ನಜೀರ್,

ಕೆಳಗೆ ಸಹಿ ಮಾಡಿರುವ ಏಕಾಂತಪ್ಪನಾದ ನಾನು, ವಯಸ್ಸು ಅರವತ್ತೆರಡು, ನಿವೃತ್ತ ಕನ್ನಡ ಅಧ್ಯಾಪಕ, ಸ್ವಸ್ಥ ಬುದ್ಧಿಯಿಂದ, ಯಾರ ಬಲವಂತವೂ ಇಲ್ಲದೆ ಒಪ್ಪಿಕೊಳ್ಳುವುದೇನೆಂದರೆ: ನನ್ನ ಏಕೈಕ ಪ್ರಕಟಿತ ಕೃತಿಯಾದ ‘ಚಿಕೋರಿ ಬೆರೆಸದ ನಗು’ ಎಂಬ ಹರಟೆಗಳ ಸಂಕಲನಕ್ಕೆ ಶೆಲ್ಫ್‌ಟ್ರೀ ಎಂಬ ಅಂತರ್ಜಾಲದ ಪುಸ್ತಕಪಟ್ಟಿಯಲ್ಲಿ ಬಂದಿದ್ದ ನಾಲ್ಕೂ ಪಂಚತಾರಾ ವಿಮರ್ಶೆಗಳನ್ನು ಬರೆದವನು ನಾನೇ. ವಸ್ತಾರೆಯ ಗೃಹಿಣಿ, ಅತ್ತಿಗುಂಡಿಯ ಪ್ಲಾಂಟರ್, ಕಳಸದ ಪುರೋಹಿತರು, ‘ಹೆಸರು ಹೇಳಲಿಚ್ಛಿಸದ ಅಭಿಮಾನಿ’, ಈ ನಾಲ್ವರೂ ನನ್ನ ಅವತಾರಗಳು. ಗೃಹಿಣಿಯ ಭಾಷೆ ಒಂದೆರಡು ಕಡೆ ಹಳೆಗನ್ನಡಕ್ಕೆ ಜಾರಿದ್ದು ಬಿಟ್ಟರೆ ಬೇರೆ ಸುಳಿವು ಉಳಿಸಿಲ್ಲ.

ಈಗೇಕೆ ತಪ್ಪೊಪ್ಪಿಗೆ ಎಂದು ಕೇಳುತ್ತೀಯ. ಆ ನಾಲ್ವರೂ ಹೋದ ವಾರ ಒಂದೇ ದಿನ ತೀರಿಕೊಂಡರು. ಶೆಲ್ಫ್‌ಟ್ರೀಯನ್ನು ಯಾರೋ ದೊಡ್ಡವರು ಕೊಂಡಿದ್ದಾರಂತೆ. ಹೊಸ ಯಜಮಾನರು ಬಂದ ಕೂಡಲೇ ಗೋಡೆಗೆಲ್ಲ ಸುಣ್ಣ ಬಳಿದರು. ಸುಣ್ಣದ ಕೆಳಗೆ ನಮ್ಮ ಕನ್ನಡ ಹೋಯಿತು. ಎರಡು ಬೇಸಿಗೆ ಕೂತು ನಾನು ಏರಿಸಿದ ಸಾವಿರದ ನೂರ ನಲವತ್ತಾರು ಪುಸ್ತಕಗಳ ಹೆಸರುಗಳೆಲ್ಲ ಈಗ ಪ್ರಶ್ನಾರ್ಥಕ ಚಿಹ್ನೆಗಳು. ಕಾದಂಬರಿಯೂ ????? ????, ಕಾಳುಮೆಣಸಿನ ಕೈಪಿಡಿಯೂ ????? ????. ಭಾಷೆ ಎಂದಿರುವ ಕಡೆ ‘ಇತರೆ’ ಎಂದು ಬರುತ್ತದೆ. ಮೂವತ್ತು ವರ್ಷ ಪರೀಕ್ಷೆಯಲ್ಲಿ ಪ್ರಶ್ನೆ ಕೇಳಿದವನಿಗೆ ಇಷ್ಟು ಪ್ರಶ್ನೆ ಒಟ್ಟಿಗೆ ತಿರುಗಿ ಬಂದದ್ದು ಇದೇ ಮೊದಲು. ಪುಸ್ತಕಗಳ ನಾಮಾವಳಿ ಬರೆಯಹೋದವನಿಗೆ ನಾಮ ಹಾಕಿದರು ಮಾರಾಯ.

ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ನನ್ನ ಹೆಂಡತಿ ರಾಮಮ್ಮನಿಗೆ ಹೇಳಿದರೆ, ‘ಪುಸ್ತಕ ಎಲ್ಲ ಕಪಾಟಲ್ಲೇ ಇದಾವಲ್ಲ, ಮತ್ತೆಂತ ಹೋದದ್ದು?’ ಎನ್ನುತ್ತಾಳೆ. ಪಟ್ಟಿ ಕಳೆದುಕೊಂಡವನ ಪಾಡು ತಿಳಿಯುವವನು ಈ ತಾಲ್ಲೂಕಿನಲ್ಲಿ ನೀನೊಬ್ಬ. ನೀನು ಮಾತು ಬಿಟ್ಟು ಎರಡು ವರ್ಷವಾಯಿತು. ಫೋನಾದರೆ ನನ್ನ ದನಿ ಕೇಳಿದ ಕೂಡಲೇ ಇಡುತ್ತೀಯ. ಪತ್ರವನ್ನು ಇಡಬೇಕಾದರೂ ಮೊದಲು ತೆಗೆಯಬೇಕು.

ನಿನ್ನ ಗ್ಯಾರೇಜಿನ ಪಕ್ಕದ ಕೋಣೆಯಲ್ಲಿ ನಾವಿಬ್ಬರೂ ಹದಿಮೂರು ವರ್ಷ ನಡೆಸಿದ ಪುಸ್ತಕದ ಕೂಟ ದಿನಾ ನೆನಪಾಗುತ್ತದೆ. ಬಣಕಲ್ಲಿನಿಂದ ಕಳಸದವರೆಗೆ ಪುಸ್ತಕಗಳು ಬಸ್ ಕಂಡಕ್ಟರರ ಕೈಯಲ್ಲಿ ಎಸ್ಟೇಟುಗಳಿಗೆ ಹೋಗುತ್ತಿದ್ದವು. ಒಳಗೊಂದು ಗಟ್ಟಿ ಕಾರ್ಡು. ಪುಸ್ತಕ ವಾಪಸ್ಸು ಬರುವಾಗ ಆ ಕಾರ್ಡಿನ ಹಿಂಬದಿಯಲ್ಲಿ ಓದಿದವರ ಒಂದು ಸಾಲು ಇರಲೇಬೇಕು. ಸಾಲು ಬರೆಯದವರಿಗೆ ಸಾಲ ಇಲ್ಲ ಎಂದು ಕಾನೂನು ಮಾಡಿದವನು ನಾನೇ ಅಲ್ಲವೆ? ಕಳಸದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ ಹೆಂಡತಿ ಕೃಷ್ಣಮ್ಮನವರು ಒಂದು ಪ್ರೇಮಕಥೆಗೆ ಬರೆದಿದ್ದರಲ್ಲ: ‘ಈ ನಾಯಕಿ ಮುನ್ನೂರು ಪುಟದಲ್ಲಿ ಒಮ್ಮೆಯೂ ಅನ್ನಕ್ಕಿಟ್ಟಿಲ್ಲ. ಪ್ರೀತಿ ಸರಿ, ಊಟ?’

ರಸ್ತೆ ಅಗಲಿಸುವಾಗ ಕೋಣೆ ಹೋಯಿತು, ಪುಸ್ತಕವೂ ಕಾರ್ಡಿನ ಡಬ್ಬವೂ ನನ್ನ ಮನೆಗೆ ಬಂದವು. ಕಾರ್ಡುಗಳನ್ನು ವಸ್ತಾರೆಯಲ್ಲಿ ನರ್ಸರಿ ಇಟ್ಟಿರುವ ನನ್ನ ಭಾವಮೈದ ನಾಗೇಶನಿಗೆ ಕೊಟ್ಟೆನೆಂದು ನೀನು ಮುನಿದೆ. ತಂತಿಗೆ ಪೋಣಿಸಲು ತೂತಿದ್ದ ಕಾರ್ಡು; ಮೆಣಸಿನ ಸಸಿಗಳಿಗೆ ತಳಿಯ ಹೆಸರು ಬರೆದು ಕಟ್ಟಲು ಹೇಳಿ ಮಾಡಿಸಿದ ಹಾಗಿತ್ತು. ಆದರೆ ಕೊಡುವ ಮುಂಚೆ ಅಷ್ಟನ್ನೂ ಮುಂದೂ ಹಿಂದೂ, ಅಲ್ಪವಿರಾಮ ಸಹಿತ, ಶೆಲ್ಫ್‌ಟ್ರೀಗೆ ಏರಿಸಿದ್ದೆ ಎಂದು ಅಂದೂ ಹೇಳಿದೆ, ಇಂದೂ ಹೇಳುತ್ತೇನೆ. ಒಂದಕ್ಷರ ಬಿಟ್ಟಿಲ್ಲ. ನಿನ್ನ ಶಹರ್ ಬಾನು ನನ್ನ ಪುಸ್ತಕವನ್ನು ಹೊಗಳಿ ಬರೆದದ್ದನ್ನೂ ಸಂಕೋಚ ಬದಿಗಿಟ್ಟು ಏರಿಸಿದ್ದೇನೆ.

ನಿನ್ನವನು (ನಿನ್ನ ಅಭ್ಯಂತರವಿಲ್ಲದಿದ್ದರೆ),
ಏಕಾಂತಪ್ಪ


ಬಣಕಲ್
೩ ಜುಲೈ ೨೦೦೮

ಮೇಷ್ಟ್ರಿಗೆ ಸಲಾಂ.

ಪತ್ರ ತಲುಪಿತು. ಎರಡು ಜೀಪಿನ ಗೇರ್‌ಬಾಕ್ಸ್ ಬಿಚ್ಚಿ ಹಾಕಿದ್ದೆ, ಅದಕ್ಕೆ ತಡ. ನಾಲ್ಕು ವಿಮರ್ಶೆಯ ವಿಷಯ ನನ್ನ ಹತ್ತಿರ ಯಾಕೆ ಹೇಳಿದಿರೋ ತಿಳಿಯಲಿಲ್ಲ. ನಾನು ಕಂಪ್ಯೂಟರ್ ಮುಟ್ಟಿದವನಲ್ಲ.

ಒಂದು ಕೆಲಸ ಇಲ್ಲದಿದ್ದರೆ ಉತ್ತರ ಬರೆಯುತ್ತಿರಲಿಲ್ಲ. ಫರ್ಹತ್ ಮದುವೆ ಗೊತ್ತಾಗಿದೆ. ಕಾಫಿ ಕೊಯ್ಲು ಮುಗಿದ ಮೇಲೆ, ಫೆಬ್ರವರಿ ೨೨. ಹುಡುಗ ಅಸದ್, ಚಿಕ್ಕಮಗಳೂರಿನವನು. ಶಹರ್ ಬಾನು ತೀರಿಕೊಂಡಾಗ ಇವಳಿಗೆ ಹತ್ತು ವರ್ಷ. ಈಗ ಕೇಳುತ್ತಾಳೆ, ‘ಅಮ್ಮಿ ಬಾಗಿಲ ಹತ್ರ ಕೂತು ಬರೀತಿದ್ದದ್ದು ನೆನಪಿದೆ ಅಬ್ಬಾ. ಎಂತ ಬರೀತಿದ್ರು?’

ಮನೆಯಲ್ಲಿ ಅವಳ ಕೈಬರಹದ ಒಂದು ಚೀಟಿ ಇಲ್ಲ. ಪತ್ರ ಬರೆಯುವಷ್ಟು ದೂರ ಅವಳು ನನ್ನನ್ನು ಬಿಟ್ಟು ಹೋದವಳಲ್ಲ. ಬರೆದದ್ದೆಲ್ಲ ಕಾರ್ಡಿನ ಹಿಂದೆ. ಮುನ್ನೂರಾದರೂ ಇರಬೇಕು, ಬಂದ ಪುಸ್ತಕ ಮೊದಲು ಓದುತ್ತಿದ್ದವಳು ಅವಳೇ. ಕೈಬರಹ ಹೇಗೂ ಹೋಯಿತು. ಮಾತಾದರೂ ಕಂಪ್ಯೂಟರಿನಲ್ಲಿದೆ ಎನ್ನುತ್ತೀರಿ. ಅವಳ ಸಾಲುಗಳಷ್ಟನ್ನು ಕಾಗದದ ಮೇಲೆ ತೆಗೆಸಿ ಕೊಟ್ಟರೆ ಹೊಲಿಸಿ ಮಗಳ ಕೈಗೆ ಕೊಡುತ್ತೇನೆ. ಮದುವೆಗೆ ಅವಳು ಕೇಳಿರುವುದು ಅದೊಂದೇ. ನಿಮ್ಮ ಹತ್ತಿರ ನಾನು ಬೇರೇನೂ ಕೇಳುವುದಿಲ್ಲ.

ನಜೀರ್


ಮೂಡಿಗೆರೆ
೯ ಆಗಸ್ಟ್ ೨೦೦೮

ಪ್ರಿಯ ನಜೀರ್,

ಫರ್ಹತ್ ಮದುವೆಯ ಸುದ್ದಿ ಓದಿ ರಾಮಮ್ಮ ಪಾಯಸ ಮಾಡಿದಳು. ನಿನ್ನ ಹೆಸರು ಹೇಳಿ ನಾನು ಎರಡು ಲೋಟ ಕುಡಿದೆ.

ನೀನು ಹೇಳಿದ ಕೆಲಸಕ್ಕೆ ಅಂದೇ ಕೂತೆ. ಅಡ್ಡಿ ನನ್ನದಲ್ಲ, ಶೆಲ್ಫ್‌ಟ್ರೀಯದು. ಪಟ್ಟಿಯನ್ನು ಹೊರತೆಗೆಯಲು ಒಂದು ಗುಂಡಿ ಇದೆ. ಅದನ್ನು ಒತ್ತಿದರೆ ಸರ್ವರ್ ಬಿದ್ದಿದೆ ಎನ್ನುತ್ತದೆ. ನಮ್ಮ ಹೋಟೆಲುಗಳಲ್ಲಿ ಸರ್ವರ್ ಬಿದ್ದರೆ ಒಂದು ಪ್ಲೇಟು ದೋಸೆ ಹೋಗುತ್ತದೆ, ಅವನು ಎದ್ದು ಇನ್ನೊಂದು ತರುತ್ತಾನೆ. ಇವರ ಸರ್ವರ್ ಹದಿನೇಳು ದಿನದಿಂದ ಬಿದ್ದುಕೊಂಡಿದ್ದಾನೆ. ಪುಟ ತೆರೆಯುವ ಹೊತ್ತಿಗೆ ಕರೆಂಟು ಹೋಗುತ್ತದೆ. ಕರೆಂಟು ಬಂದಾಗ, ‘ನಿಮ್ಮ ????? ಮೆಚ್ಚಿದ ಓದುಗರು ಇದನ್ನೂ ಮೆಚ್ಚಿದ್ದಾರೆ: ಹದಿನಾಲ್ಕು ದಿನಗಳಲ್ಲಿ ಹೊಟ್ಟೆ ಕರಗಿಸಿ’ ಎಂಬ ಜಾಹೀರಾತು. ನನ್ನ ಹೊಟ್ಟೆ ಉರಿಸುವುದರಲ್ಲಿ ಅವರು ಈಗಾಗಲೇ ಯಶಸ್ವಿಯಾಗಿದ್ದಾರೆ.

ದೂರು ಬರೆದೆ. ನನ್ನ ಇಂಗ್ಲಿಷ್ ನಿನಗೆ ಗೊತ್ತು, ಮಹಾರಾಣಿಯ ಕಾಲದ್ದು. ಒಂದೇ ನಿಮಿಷದಲ್ಲಿ ಉತ್ತರ ಬಂತು. ಅದರ ಸಾರ ಇಷ್ಟು: ‘ಪ್ರಿಯ ಕಪಾಟು-ಬಂಧುವೇ, ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ. ನಿಮ್ಮ ತೊಂದರೆ ಪರಿಹಾರವಾಗಿದೆಯೆಂದು ಭಾವಿಸಿ ದೂರನ್ನು ಮುಕ್ತಾಯಗೊಳಿಸಿದ್ದೇವೆ. ಸಂತೋಷದ ಓದು ನಿಮ್ಮದಾಗಲಿ. ಕೆರೊಲ್.’ ಪರಿಹಾರವಾಗಿಲ್ಲ ತಾಯಿ ಎಂದು ಮತ್ತೆ ಬರೆದೆ. ಅದೇ ಉತ್ತರ, ಅದೇ ಕೆರೊಲ್. ಆರನೇ ಸಲಕ್ಕೆ ಕೆರೊಲ್ ಎಂಬುವಳೇ ಇಲ್ಲವೆಂದು ಹೊಳೆಯಿತು. ನಮ್ಮ ಕಾಲೇಜು ಲೈಬ್ರರಿಯ ಪುಟ್ಟಸ್ವಾಮಿ, ‘ಎಂತ ಸಾರ್, ಓದೋಕೋ, ಮನೇಲಿ ಇಟ್ಕೊಳ್ಳೋಕೋ?’ ಎಂದು ಹಂಗಿಸಿಯಾದರೂ ಏಣಿ ಹತ್ತಿ ಪುಸ್ತಕ ತೆಗೆದುಕೊಡುತ್ತಿದ್ದ. ಹಂಗಿಸಲೂ ಒಬ್ಬ ಮನುಷ್ಯ ಬೇಕು ನೋಡು.

ಮೊದಲು ಎಷ್ಟು ಚೆನ್ನಾಗಿತ್ತು ಅದು. ಪೋಲೆಂಡಿನ ಯಾರೋ ಒಬ್ಬ ನನ್ನ ಕಪಾಟು ನೋಡಿ, ‘ಇದು ಯಾವ ಲಿಪಿ? ಮುತ್ತು ಸುರಿದ ಹಾಗಿದೆ’ ಎಂದು ಬರೆದಿದ್ದ. ಅವನೂ ಬಿಟ್ಟು ಹೋದನಂತೆ.

ಶಹರ್ ಬಾನುವಿನ ಸಾಲುಗಳು ಒಳಗೇ ಇವೆ. ಬಾಗಿಲು ತೆರೆಯುತ್ತಿಲ್ಲ ಅಷ್ಟೆ. ಫೆಬ್ರವರಿಗೆ ಇನ್ನೂ ಆರು ತಿಂಗಳಿದೆ.

ನಿನ್ನ,
ಏಕಾಂತಪ್ಪ


ಬಣಕಲ್
೨೧ ಸೆಪ್ಟೆಂಬರ್ ೨೦೦೮

ಮೇಷ್ಟ್ರಿಗೆ,

ನಿಮಗೆ ತೊಂದರೆ ಕೊಡಬಾರದೆಂದು ಫರ್ಹತ್ ತಾನೇ ಮೂಡಿಗೆರೆಗೆ ಹೋಗಿ, ಬಸ್ ಸ್ಟ್ಯಾಂಡಿನ ಎದುರು ಕಂಪ್ಯೂಟರ್ ಸೆಂಟರ್ ಇಟ್ಟಿರುವ ಅಶ್ವಿನ್ ಹತ್ತಿರ ಕೂತು ನಿಮ್ಮ ಕಪಾಟನ್ನು ತೆಗೆಸಿ ನೋಡಿದಳು. ಯಾರು ಬೇಕಾದರೂ ನೋಡಬಹುದಂತೆ, ಬಾಗಿಲಿಗೆ ಬೀಗ ಇಲ್ಲ.

ಪುಸ್ತಕದ ಹೆಸರಿನ ಕಡೆ ಪ್ರಶ್ನೆ ಗುರುತು ಇದೆ, ನೀವು ಹೇಳಿದ್ದು ಸರಿ. ಬರೆದವರ ಹೆಸರಿನ ಕಡೆಯೂ ಇದೆ. ಓದಿದವರ ಮಾತು ಎಂಬ ಜಾಗದಲ್ಲಿ ಒಂದೇ ಒಂದು ಪುಸ್ತಕಕ್ಕೆ, ನಿಮ್ಮದೇ ಇರಬೇಕು, ನಾಲ್ಕು ಸಾಲು ಪ್ರಶ್ನೆ ಗುರುತು; ಬಾಕಿ ಯಾವುದಕ್ಕೂ ಏನೂ ಇಲ್ಲ. ಅಶ್ವಿನ್ ಎಲ್ಲ ಪುಟ ತಿರುಗಿಸಿ ನೋಡಿ, ‘ಇದು ಹಾಳಾದದ್ದಲ್ಲಕ್ಕ. ಹಾಳಾಗಿದ್ರೆ ಇಲ್ಲೂ ಪ್ರಶ್ನೆ ಗುರುತೇ ಬರಬೇಕಿತ್ತು. ಇದು ಖಾಲಿ’ ಎಂದನಂತೆ. ‘ಖಾಲಿ ಅಂದ್ರೆ?’ ಎಂದು ಇವಳು ಕೇಳಿದ್ದಕ್ಕೆ, ‘ಖಾಲಿ ಅಂದ್ರೆ ಖಾಲಿ’ ಎಂದನಂತೆ.

ನನಗೆ ಗೊತ್ತಿರುವುದು ಗಾಡಿ. ಟ್ಯಾಂಕು ಸೋರಿದರೆ ಕೆಳಗೆ ನೆಲದ ಮೇಲೆ ಎಣ್ಣೆಯ ಕಲೆ ಇರುತ್ತದೆ. ಕಲೆ ಇಲ್ಲದೆ ಟ್ಯಾಂಕು ಖಾಲಿ ಇದ್ದರೆ ಗಿರಾಕಿಯ ಹತ್ತಿರ ಬೇರೆ ಪ್ರಶ್ನೆ ಕೇಳುತ್ತೇನೆ. ನಿಮ್ಮ ಹತ್ತಿರ ಕೇಳುವುದಿಲ್ಲ. ನೀವು ಓದಿದವರು, ಏನೋ ಕಾರಣ ಇರುತ್ತದೆ.

ನಜೀರ್


ಮೂಡಿಗೆರೆ
೨ ಡಿಸೆಂಬರ್ ೨೦೦೮

ಪ್ರಿಯ ನಜೀರ್,

ಉತ್ತರ ತಡವಾಯಿತು. ಮಂಡಿನೋವು, ಕಣ್ಣಿನ ಪೊರೆ, ಇತ್ಯಾದಿ. ಇತ್ಯಾದಿಯದ್ದೇ ಹೆಚ್ಚು.

ಗ್ಯಾರೇಜಿನ ನ್ಯಾಯ ಗ್ರಂಥಕ್ಕೆ ಹೊಂದುವುದಿಲ್ಲ ಮಾರಾಯ. ಓದುಗರ ಮಾತನ್ನು ಹೊಸ ಯಜಮಾನರು ಬೇರೆ ಉಗ್ರಾಣಕ್ಕೆ ಸಾಗಿಸಿರಬೇಕು. ಅಶ್ವಿನ್ ನನ್ನ ಶಿಷ್ಯ, ಎರಡು ಸಲ ಫೇಲಾದವನು. ಖಾಲಿ ಎಂಬುದರ ಬಗ್ಗೆ ಅವನಿಗೆ ಸ್ವಾನುಭವ ಇರಬಹುದು, ತಜ್ಞತೆ ಇದೆಯೆಂದು ನಾನು ಒಪ್ಪುವುದಿಲ್ಲ. ನಲವತ್ತು ವರ್ಷದ ಗೆಳೆತನದಲ್ಲಿ ನನ್ನ ಮಾತಿಗಿಂತ ಅವನ ಮಾತು ಹೆಚ್ಚಾಯಿತೆ?

ಇರಲಿ. ಈಗ ಆ ಜಗಳಕ್ಕೂ ಅರ್ಥವಿಲ್ಲ. ನಿನ್ನೆ ಕೆರೊಲ್ ತಾನಾಗಿಯೇ ಬರೆದಿದ್ದಾಳೆ. ‘ಒಂದು ಸುಂದರ ಪಯಣದ ಕೊನೆ’ ಎಂದು ತಲೆಬರಹ. ಡಿಸೆಂಬರ್ ೩೧ಕ್ಕೆ ಶೆಲ್ಫ್‌ಟ್ರೀ ಮುಚ್ಚುತ್ತದೆ. ಎಲ್ಲ ಕಪಾಟುಗಳನ್ನೂ ಅಳಿಸಲಾಗುತ್ತದೆ. ಜೊತೆಗಿದ್ದುದಕ್ಕೆ ಕೃತಜ್ಞತೆ. ಕೊನೆಯಲ್ಲಿ ಒಂದು ನಗುವ ಮುಖದ ಚಿತ್ರ.

ನಗುವ ಮುಖ ನೋಡಿ ನನಗೆ ಬಂದ ಸಿಟ್ಟನ್ನು ಬರೆದರೆ ಅಂಚೆಯವರು ಈ ಪತ್ರ ಒಯ್ಯುವುದಿಲ್ಲ. ಇವರೇ ಕರೆದರು, ನಿಮ್ಮ ಪುಸ್ತಕ ನಮ್ಮಲ್ಲಿ ಶಾಶ್ವತ ಎಂದು. ಶಾಶ್ವತಕ್ಕೆ ಇವರಲ್ಲಿ ನಾಲ್ಕು ವರ್ಷ. ನಮ್ಮ ತಗಡಿನ ಡಬ್ಬ ಹದಿಮೂರು ವರ್ಷ ಬಾಳಿತ್ತು, ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ ಅಷ್ಟೆ.

ಹಾಗಾಗಿ ಫರ್ಹತ್‌ಗೆ ಹೇಳು, ಮೇಷ್ಟ್ರು ಬಹಳ ಪ್ರಯತ್ನಪಟ್ಟರು, ಕಂಪನಿ ಕೈಕೊಟ್ಟಿತು ಎಂದು. ಜನವರಿ ಒಂದರಿಂದ ಯಾರೂ ಏನನ್ನೂ ರುಜುವಾತು ಮಾಡುವಂತಿಲ್ಲ.

ನಿನ್ನ,
ಏಕಾಂತಪ್ಪ


ಬಣಕಲ್
೧೮ ಜನವರಿ ೨೦೦೯

ಮೇಷ್ಟ್ರು ಮಾಮನಿಗೆ ಫರ್ಹತ್ ಮಾಡುವ ಸಲಾಂ.

ಅಬ್ಬಾಗೆ ಹೇಳದೆ ಬರೆಯುತ್ತಿದ್ದೇನೆ. ನಿಮ್ಮ ಡಿಸೆಂಬರ್ ಪತ್ರ ಓದಿ ಅವರು ಮಡಚಿ ಸ್ಪ್ಯಾನರ್ ಪೆಟ್ಟಿಗೆಯಲ್ಲಿಟ್ಟರು. ಅವರು ಹೇಳುವುದಿಲ್ಲ, ಅದಕ್ಕೆ ನಾನೇ ಹೇಳುತ್ತೇನೆ.

ಎರಡೂವರೆ ವರ್ಷದ ಹಿಂದೆ ಮಳೆಗಾಲದಲ್ಲಿ ನಾಗೇಶಣ್ಣನವರ ಜೀಪ್ ನೋಡಲು ಅಬ್ಬಾ ವಸ್ತಾರೆಗೆ ಹೋಗಿದ್ದರು. ಬರುವಾಗ ಒಂದು ಮೆಣಸಿನ ಸಸಿ ತಂದರು. ‘ಇದೆಂತಕ್ಕೆ ಅಬ್ಬಾ, ನಮಗೆ ತೋಟ ಎಲ್ಲಿದೆ?’ ಅಂದೆ. ಸಸಿಯನ್ನು ನನ್ನ ಕೈಗೆ ಕೊಟ್ಟರು. ಸಸಿಗೆ ಕಟ್ಟಿದ್ದ ಕಾರ್ಡಿನ ಒಂದು ಬದಿಯಲ್ಲಿ ದಪ್ಪ ಪೆನ್ನಿನಲ್ಲಿ ತಳಿಯ ಹೆಸರಿತ್ತು. ಇನ್ನೊಂದು ಬದಿಯಲ್ಲಿ ಬರೀ ನೀಲಿ ನೀರು ಹರಿದ ಗುರುತು. ಅಮ್ಮಿ ನೀಲಿ ಶಾಯಿಯಲ್ಲಿ ಬರೆಯುತ್ತಿದ್ದರಂತೆ. ಬಣಕಲ್ಲಿಗೆ ತಲುಪುವ ಮೊದಲು ಓದಲು ಬರುತ್ತಿತ್ತೋ ಏನೋ, ಕೇಳಲು ನನಗೆ ಧೈರ್ಯವಾಗಲಿಲ್ಲ. ಅಬ್ಬಾ ಮಾತು ಬಿಟ್ಟದ್ದು ಅವತ್ತಿನಿಂದ. ಸಸಿ ಈಗ ಗ್ಯಾರೇಜಿನ ಹಿಂದಿನ ಹಾಲವಾಣದ ಮರ ಹತ್ತಿದೆ. ಈ ಸಲ ನಾಲ್ಕು ಗೊಂಚಲು ಬಿಟ್ಟಿತ್ತು.

ನನಗೆ ಮುನ್ನೂರು ಸಾಲು ಬೇಡ ಮಾಮ. ಒಂದು ಸಾಕು. ನಿಮ್ಮ ಪುಸ್ತಕವನ್ನು ಅಮ್ಮಿ ಹೊಗಳಿದ್ದರು ಅಂತ ಬರೆದಿದ್ದೀರಿ. ಅದಾದರೂ ನಿಮಗೆ ಬಾಯಿಪಾಠ ಇರಬಹುದಲ್ಲ? ಅದನ್ನೇ ಬರೆದು ಕಳಿಸಿ. ಅಮ್ಮಿ ಬರೆದ ಹಾಗೇ ಇರಲಿ, ಚಂದ ಮಾಡಬೇಡಿ.

ಮದುವೆಗೆ ನೀವೂ ರಾಮಮ್ಮತ್ತೆಯೂ ಬರಬೇಕು.

ಫರ್ಹತ್


ಮೂಡಿಗೆರೆ
೧೧ ಫೆಬ್ರವರಿ ೨೦೦೯

ಪ್ರೀತಿಯ ಫರ್ಹತ್,

ಈ ಪತ್ರವನ್ನು ನಿನ್ನ ಅಬ್ಬಾನಿಗೂ ಓದಿ ಹೇಳು. ನಾನು ಎದುರಿಗೆ ಕೂತು ಹೇಳಲಾರೆ.

ನಿನ್ನ ಪತ್ರ ಬಂದ ಮರುದಿನ ನಾನು ಕೂತು ನಿನ್ನ ಅಮ್ಮಿಯ ಹೆಸರಿನಲ್ಲಿ ಮೂವತ್ತು ಸಾಲು ಬರೆದೆ. ಗೃಹಿಣಿಯನ್ನೂ ಪುರೋಹಿತರನ್ನೂ ಹುಟ್ಟಿಸಿದವನಿಗೆ ಇದೇನೂ ಮಹಾ ಕಷ್ಟವಾಗಲಿಲ್ಲ. ಒಳ್ಳೆಯ ಸಾಲುಗಳೇ. ರಾಮಮ್ಮನಿಗೆ ಓದಿ ತೋರಿಸಿದೆ. ಅವಳು ಕಾಫಿಬೀಜ ಹುರಿಯುತ್ತಿದ್ದವಳು ಸೌಟು ನಿಲ್ಲಿಸಲಿಲ್ಲ. ‘ಶಹರ್ ಬಾನು ಹೀಗೆ ಮಾತಾಡ್ತಿರಲಿಲ್ಲ. ಇದು ನೀವು’ ಎಂದಳು. ಹರಿದು ಅದೇ ಒಲೆಗೆ ಹಾಕಿದೆ.

ಅಶ್ವಿನ್ ಹೇಳಿದ್ದು ಸರಿ. ಖಾಲಿ ಎಂದರೆ ಖಾಲಿ. ನಾನು ಏರಿಸಿದ್ದು ಮುಂಬದಿಯನ್ನು ಮಾತ್ರ: ಪುಸ್ತಕದ ಹೆಸರು, ಬರೆದವರ ಹೆಸರು, ವರ್ಷ. ಎರಡು ಬೇಸಿಗೆ ಅದಕ್ಕೇ ಹೋಯಿತು. ಹಿಂಬದಿ ತಿರುಗಿಸಿದರೆ ಬೆರಳು ನೋಯುವಷ್ಟು ಬರಹ, ಅನ್ನಕ್ಕಿಟ್ಟಿಲ್ಲ, ನಿದ್ದೆ ಬಂತು, ಮಗುವಿಗೆ ಜ್ವರ ಎಂದು. ಇದನ್ನು ಪೋಲೆಂಡಿನವನು ನೋಡಿ ಏನೆಂದುಕೊಂಡಾನು ಅನ್ನಿಸಿತು. ಸಾಹಿತ್ಯದ ಮೇಷ್ಟ್ರಲ್ಲವೆ, ಯಾವುದು ಸಾಹಿತ್ಯ ಎಂದು ನನಗೆ ಗೊತ್ತಿತ್ತು. ಒಂದೂ ಏರಿಸಲಿಲ್ಲ. ಆಮೇಲೆ ನಿನ್ನ ಅಬ್ಬಾ ಕೇಳಿದಾಗ ಬಾಯಿಗೆ ಬಂದದ್ದು ‘ಅಲ್ಪವಿರಾಮ ಸಹಿತ’.

ಶೆಲ್ಫ್‌ಟ್ರೀ ಹಾಳಾಯಿತೆಂದು ನಾನು ಬೈದದ್ದೆಲ್ಲ ನಿಜ. ಅದು ಹಾಳಾದ ದಿನ ನನಗೆ ಎಷ್ಟು ಸಮಾಧಾನವಾಯಿತೆಂಬುದನ್ನು ಮಾತ್ರ ಬರೆದಿರಲಿಲ್ಲ. ಅವರು ಕಳೆದದ್ದನ್ನು ಮತ್ತೆ ಬರೆದುಕೊಳ್ಳಬಹುದು. ಪುಸ್ತಕಗಳು ಕಪಾಟಿನಲ್ಲೇ ಇವೆ, ರಾಮಮ್ಮ ಮೊದಲೇ ಹೇಳಿದ್ದಳು. ನಾನು ಕಳೆದದ್ದು ನಾಗೇಶನ ನರ್ಸರಿಯ ಚರಂಡಿಯಲ್ಲಿ ಹರಿದು ಹೋಯಿತು.

ಒಂದು ಕಾರ್ಡು ಮಾತ್ರ ನರ್ಸರಿಗೆ ಹೋಗಲಿಲ್ಲ. ‘ಚಿಕೋರಿ ಬೆರೆಸದ ನಗು’ವಿನದು. ೧೯೯೪ರಲ್ಲೇ ಅದನ್ನು ತಂತಿಯಿಂದ ಬಿಚ್ಚಿ ಜೇಬಿಗಿಳಿಸಿದ್ದೆ, ಮುಂದಿನವರು ಯಾರೂ ಓದಬಾರದೆಂದು. ಹದಿನೈದು ವರ್ಷದಿಂದ ನನ್ನ ಶಬ್ದಕೋಶದೊಳಗಿದೆ. ಇದರ ಜೊತೆ ಇಟ್ಟಿದ್ದೇನೆ. ನೀಲಿ ಶಾಯಿ ಹಾಗೇ ಇದೆ. ಕೈಬರಹ ನಿನ್ನದರ ಹಾಗೇ ಬಲಕ್ಕೆ ವಾಲುತ್ತದೆ. ನಾನು ಹೊಗಳಿಕೆ ಎಂದು ಹೇಳಿಕೊಂಡು ತಿರುಗಿದ್ದು ಇದನ್ನೇ:

‘ಹನ್ನೆರಡನೇ ಪುಟಕ್ಕೆ ನಿದ್ದೆ ಬಂತು. ಮೇಷ್ಟ್ರು ಎದುರಿಗೆ ಕೂತು ಮಾತಾಡಿದರೆ ನಗು ಬರುತ್ತದೆ, ಬರೆದರೆ ಬರುವುದಿಲ್ಲ. ಇದನ್ನು ಅವರಿಗೆ ಹೇಳಬೇಡಿ, ಬೇಜಾರು ಮಾಡ್ಕೊಳ್ತಾರೆ. ಶಹರ್ ಬಾನು.’

ಕಾರ್ಡಿಲ್ಲದ ಪುಸ್ತಕ ಬಸ್ಸು ಹತ್ತುವಂತಿಲ್ಲ ಎಂಬುದೂ ನಾನೇ ಮಾಡಿದ ಕಾನೂನು. ಹಾಗಾಗಿ ಮಲೆನಾಡನ್ನೆಲ್ಲ ನಗಿಸಿತೆಂದು ನಾನು ಹೇಳಿಕೊಳ್ಳುವ ಆ ಪುಸ್ತಕ ನಮ್ಮ ಕೋಣೆಯಿಂದ ನಿಮ್ಮ ಮನೆಯ ಬಾಗಿಲವರೆಗೆ, ನಲವತ್ತು ಹೆಜ್ಜೆ, ಒಂದೇ ಒಂದು ಸಲ ಹೋಗಿ ಬಂದಿದೆ. ಅದಕ್ಕೆ ಸಿಕ್ಕಿದ ಒಬ್ಬಳೇ ಓದುಗಾರ್ತಿ ನಿನ್ನ ಅಮ್ಮಿ. ಅದೂ ಹನ್ನೆರಡು ಪುಟ.

ಏಕಾಂತಪ್ಪ